ಎಡರೆಕ್ಕೆಯ ಬಿದಿರು

ಏಪ್ರಿಲ್ 6, ಭಾನುವಾರ

ಮತ್ತೆ ಎಡಕ್ಕೇ ಬಿತ್ತು.

ಕ್ರಿಕೆಟ್‌ನವರು ಬರುವ ಮೊದಲೇ ಕಾಲೇಜು ಮೈದಾನಕ್ಕೆ ಹೋಗಿದ್ದೆವು. ಪ್ರಾಜೆಕ್ಟಿಗೆ ಅಂತ ನಾವು ಮೂವರು ಕಟ್ಟಿದ ಪುಟ್ಟ ವಿಮಾನ, ನೆಲ ಬಿಡುವ ತನಕ ಚಿನ್ನದಂಥದು. ಮೇಲೆದ್ದು ವೇಗ ಹಿಡಿಯುತ್ತಲೇ ಎಡಗಡೆ ವಾಲಿತು, ಗಿರ್ರನೆ ತಿರುಗಿ ಮೂಗು ನೆಲಕ್ಕೆ. ಪ್ರೊಪೆಲ್ಲರ್ ಎರಡು ತುಂಡು. ರಿಮೋಟ್ ಹಿಡಿದಿದ್ದವನು ಗೌರೀಶ್. ಪ್ರಾಜೆಕ್ಟಿನ ಲೆಕ್ಕಾಚಾರವೆಲ್ಲ ರಮ್ಯಾಳದು. ಅವಳು ಚೂರು ಆರಿಸುತ್ತಾ, "ಬಿಡ್ರೋ, ರೆಕ್ಕೆ ಉಳ್ಕೊಂಡಿದೆ" ಅಂದಳು.

ಉಳಿಯದೆ ಏನು? ಎಡರೆಕ್ಕೆಯೊಳಗೆ ಇರುವುದು ತಾತನ ಬಿದಿರು.

ಮನೆಗೆ ಬಂದರೆ ರಾಮನವಮಿ. ಅಜ್ಜಿ ಪಾನಕದ ಲೋಟ ಕೊಟ್ಟು, ಚೀಲದೊಳಗೆ ಇಣುಕಿ, "ಇವತ್ತೂ ಮುರ್ಕೊಂಡ್ ಬಂದ್ಯಾ ತಾಯಿ?" ಅಂದಳು. ಕೋಸಂಬರಿ ಎರಡು ಸಲ ಹಾಕಿಸಿಕೊಂಡೆ. ಸಿಟ್ಟು ಬಂದರೆ ನನಗೆ ಹಸಿವು ಜಾಸ್ತಿ.

ಏಪ್ರಿಲ್ 8

ಬಿದಿರು ತೆಗೆಯೋಣ ಅಂತ ಇಬ್ಬರೂ ಹಿಂದೆ ಬಿದ್ದಿದ್ದಾರೆ. ನನ್ನ ಹಟ ಯಾಕೆ ಅಂತ ಇಲ್ಲಾದರೂ ಬರೆದಿಡುತ್ತೇನೆ.

ತಾತನದು ಮಾರ್ಕೆಟ್ಟಿನಲ್ಲಿ ತರಕಾರಿ ವ್ಯಾಪಾರ. ಆಷಾಢದ ಭಾನುವಾರ ಮಾತ್ರ ಮಧ್ಯಾಹ್ನಕ್ಕೇ ಅಂಗಡಿ ಬಾಗಿಲು ಹಾಕುತ್ತಿದ್ದ. ಮಾಮೂಲ್‌ಪೇಟೆಯಿಂದ ಗಾಳಿಪಟಕ್ಕೆ ಬಣ್ಣದ ಕಾಗದ ತಂದು ಟೆರೇಸಿನ ರೂಮಿನಲ್ಲಿ ಕೂತರೆ ಮುಗಿಯಿತು. ಬಿದಿರು ಕೆರೆಯುವುದು, ಎರಡು ತುದಿ ಹಿಡಿದು ಬಗ್ಗಿಸುವುದು, ಕಣ್ಣು ಕಿರಿದು ಮಾಡಿ ನೋಡುವುದು, ಮತ್ತೆ ಕೆರೆಯುವುದು. ಅಜ್ಜಿ ಕೆಳಗೆ ಮೈದಾ ಅಂಟು ಕಾಯಿಸಿ ಬೈದುಕೊಂಡೇ ಕಳಿಸುತ್ತಿದ್ದಳು. ದಾರದ ಉಂಡೆ ಹಿಡಿಯುವುದು ನನ್ನ ಕೆಲಸ. ಚಾಮರಾಜಪೇಟೆಯ ಆಕಾಶವೆಲ್ಲ ಪಟ... ಒಂದರ ದಾರ ಕಿತ್ತುಹೋದರೆ ಇಡೀ ಬೀದಿ ಹೋ ಎಂದು ಕೂಗುತ್ತಿತ್ತು. ಈಗ ಕತ್ತೆತ್ತಿದರೆ ಕೇಬಲ್ಲು, ನೀರಿನ ಟ್ಯಾಂಕು, ಪಕ್ಕದವರ ಹೊಸ ಮಹಡಿ.

"ನೀನು ಇಂಜಿನಿಯರ್ ಆದ್ಮೇಲೆ ದಾರ ಇಲ್ದೆ ಹಾರೋ ಪಟ ಮಾಡು ಸಂಧ್ಯಾ" ಅನ್ನುತ್ತಿದ್ದ. ಹೋದ ದೀಪಾವಳಿಗೆ ಮೊದಲು ತಾನೇ ಹೊರಟುಹೋದ. ಅಟ್ಟದ ಮೇಲೆ ಹಳೇ ಪೇಪರ್ ಸುತ್ತಿದ ಒಂದು ಕಂತೆ ಕಡ್ಡಿ ಉಳಿಯಿತು, ಕೆರೆದು ನಯ ಮಾಡಿಟ್ಟದ್ದು. ಅದು ಒಂದು ರೆಕ್ಕೆಗಷ್ಟೇ ಸಾಕಾಯಿತು. ಬಲಗಡೆಗೆ ಬಂಬೂ ಬಜಾರಿನ ಹೊಸದು.

ವಿಮಾನ ಹಾರಿದರೆ ಸಾಲದು. ತಾತನ ಬಿದಿರು ಹಾರಬೇಕು. ಅಷ್ಟೇ.

ಏಪ್ರಿಲ್ 13

ನಿನ್ನೆ ಕರಗ. ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ, ಎಲ್ಲೆಲ್ಲೂ ಮಲ್ಲಿಗೆ ವಾಸನೆ. ನೆಂಟರೆಲ್ಲ ಸರದಿ ಮೇಲೆ ವಿಮಾನ ಮುಟ್ಟಿ ನೋಡಿದರು. ಶ್ರೀರಾಂಪುರದ ಚಿಕ್ಕಪ್ಪ, "ಏನಮ್ಮ, ಯಾವಾಗ್ ಟಿಕೆಟ್ ಕೊಡ್ತೀಯ?" ಅಂದರು. ಎಲ್ಲರೂ ನಕ್ಕರು. ನಾನು ಬಿಟ್ಟು.

ಅವರೆಲ್ಲ ಹೋದ ಮೇಲೆ ತಾತನ ತಕ್ಕಡಿ ಇಳಿಸಿ ಎರಡೂ ರೆಕ್ಕೆ ತೂಗಿದೆ. ಸಮ! ಮುಳ್ಳು ಅಲುಗಲಿಲ್ಲ. ಫೋಟೋ ತೆಗೆದು ಗ್ರೂಪಿಗೆ ಹಾಕಿದೆ — ನೋಡ್ಕೊಳ್ಳಿ, ಬಿದಿರಿನ ತಪ್ಪಿಲ್ಲ. ಗೌರೀಶನ ಮೆಸೇಜು: "ಕಾರ್ಬನ್ ರಾಡ್ ಹಾಕಣ ಗುರು, ಕೈ ಮುಗೀತೀನಿ." ತಕ್ಕಡಿ ಒರೆಸಿ ಮೇಲಿಟ್ಟೆ.

ಏಪ್ರಿಲ್ 20, ಬೆಳಿಗ್ಗೆ

ರೆಕ್ಕೆಯ ಪಟ್ಟಿ ಆಡಿಸುವ ಪುಟ್ಟ ಮೋಟಾರು ಬದಲಾಯಿಸಿದ್ದೆವು. ಹೊಸ ಬ್ಯಾಟರಿ. ಹೊಸ ಪ್ರೊಪೆಲ್ಲರ್. ಎಡಕ್ಕೇ ವಾಲಿ, ಹೋಗಿ ಮಳೆಮರದ ಮೇಲೆ ಕೂತಿತು. ವಾಚ್‌ಮನ್ ಉದ್ದನೆ ಗಳ ತಂದು ಕೆಳಗೆ ಬೀಳಿಸಿದ. ಬಾಲ ಮುರಿದಿತ್ತು.

"ನಿಂಗೆ ರಿಮೋಟ್ ಹಿಡಿಯಕ್ಕೇ ಬರಲ್ಲ" ಅಂದುಬಿಟ್ಟೆ. ಕ್ರಿಕೆಟ್‌ನವರೆಲ್ಲ ಕೇಳಿಸಿಕೊಂಡರು. ಗೌರೀಶ್ ರಿಮೋಟನ್ನು ನನ್ನ ಕೈಗಿಟ್ಟು, ಹೆಲ್ಮೆಟ್ ಹಾಕಿಕೊಂಡು, ಗಾಡಿ ಸ್ಟಾರ್ಟ್ ಮಾಡಿ ಹೊರಟೇಹೋದ. 

ಮೇ 5

ಗೈಡ್ ಶಂಭುಲಿಂಗಪ್ಪ ಸರ್ ಕರೆಸಿದ್ದರು. "ಇಪ್ಪತ್ನಾಲ್ಕಕ್ಕೆ ಡೆಮೊ. ಮೈದಾನ ಒಂದು ಸುತ್ತು ಹಾಕ್ಬೇಕು. ಆಗಲ್ಲ ಅಂದ್ರೆ ಈಗ್ಲೇ ಹೇಳಿ, ಟೇಬಲ್ ಮೇಲೆ ಇಟ್ಟು ತೋರ್ಸಿ, ಅರ್ಧ ಮಾರ್ಕ್ಸು." ಆಗುತ್ತೆ ಸರ್ ಅಂದೆ. ಹೇಗೆ ಅಂತ ಕೇಳಲಿಲ್ಲ, ಪುಣ್ಯ.

ಗೌರೀಶ್ ಇನ್ನೂ ಫೋನ್ ಎತ್ತುತ್ತಿಲ್ಲ.

ಮೇ 11, ಭಾನುವಾರ

ರಮ್ಯಾ ಮನೆಗೆ ಬಂದಳು. ಸೀದಾ ಟೆರೇಸಿಗೆ. ವಿಮಾನವನ್ನು ಎರಡು ಸ್ಟೂಲಿನ ಮೇಲೆ ಕೂರಿಸಿ, ತಕ್ಕಡಿಯ ತೂಕದ ಕಲ್ಲನ್ನು ದಾರ ಕಟ್ಟಿ ಬಲರೆಕ್ಕೆಯ ತುದಿಗೆ ನೇತುಹಾಕಿದಳು. ಸ್ವಲ್ಪ ಬಗ್ಗಿತು. ಅದೇ ಕಲ್ಲನ್ನು ಎಡಕ್ಕೆ ಕಟ್ಟಿದಳು. ರೆಕ್ಕೆ ತಲೆಬಾಗಿಸಿ ನೆಲ ನೋಡಿತು.

"ತೂಕ ಸಮ ಇದೆ ಕಣೇ. ಬಿಗಿ ಸಮ ಇಲ್ಲ. ಸ್ಪೀಡ್ ಹೆಚ್ಚಿದ ಹಾಗೆಲ್ಲ ಇದೊಂದೇ ಬಗ್ಗತ್ತೆ, ಅದಕ್ಕೇ ಆ ಕಡೆ ವಾಲತ್ತೆ."

 ಇಷ್ಟು ಗೊತ್ತಿರಲಿಲ್ಲವಾ ನನಗೆ? ತಾತ ಬಗ್ಗಿಸಿ ನೋಡಿ ಮತ್ತೆ ಕೆರೆಯುತ್ತಿದ್ದುದನ್ನು ಪಕ್ಕದಲ್ಲೇ ಕೂತು ನೋಡಿದವಳು ನಾನು. ಬಗ್ಗದ ಕಡ್ಡಿ ಗಾಳಿಗೆ ಮುರಿಯುತ್ತದೆ. ಬಗ್ಗಲಿ ಅಂತಲೇ ಕೆರೆದಿಟ್ಟಿದ್ದ. ನಾನು ಅದನ್ನು ಗಟ್ಟಿಯಾಗಿ ನಿಲ್ಲಬೇಕಾದ ಜಾಗಕ್ಕೆ ತುರುಕಿದೆ. ಬೈಸಿಕೊಂಡವನು ಗೌರೀಶ್.

ಕೆಳಗೆ ಹೋಗಿ ಅತ್ತುಬಿಟ್ಟೆ. ಅಜ್ಜಿ ದಂಟಿನಸೊಪ್ಪು ಬಿಡಿಸುತ್ತಿದ್ದಳು. ಎಲ್ಲ ಕೇಳಿ, "ಅವ್ರು ಪಟಕ್ಕೆ ಅಂತ ಮಾಡಿಟ್ಟಿದ್ದು. ಇಮಾನಕ್ ಹಾಕು ಅಂದಿದ್ರಾ?" ಅಂದಳು.

"ತೆಗೆದುಬಿಟ್ರೆ ತಾತನ್ನ ಬಿಟ್ಟು ಹೋದ ಹಾಗಾಗಲ್ವಾ ಅಜ್ಜಿ?"

"ಕಡ್ಡೀಲಿ ಇರ್ತಾರಾ ನಿಮ್ ತಾತ? ಇದ್ದಿದ್ರೆ ಇಷ್ಟೊತ್ಗೆ ಕಾಫಿ ಕೇಳ್ತಿದ್ರು. ಎದ್ದು ಮುಖ ತೊಳ್ಕೋ ಹೋಗು."

ಮೇ 12

ಬೇರೆ ನಂಬರಿನಿಂದ ಗೌರೀಶನಿಗೆ ಫೋನ್. "ತಪ್ಪಾಯ್ತು ಕಣೋ. ಬಿದಿರಿಂದೇ ಪ್ರಾಬ್ಲಮ್ಮು. ನಂದೇ."

 "ಗಾಂಧಿ ಬಜಾರಲ್ಲಿ ಮಸಾಲೆ ದೋಸೆ ಕೊಡ್ಸು, ಯೋಚ್ನೆ ಮಾಡ್ತೀನಿ" ಅಂದ. ಕಂತ್ರಿ.

ಮೇ 18

ಹೊರಗೆ ಧೋ ಮಳೆ. ಟೆರೇಸಿನ ರೂಮು ಒಂದು ಮೂಲೆಯಲ್ಲಿ ಸೋರುತ್ತಿದೆ. ಬ್ಲೇಡಿನಿಂದ ಎಡರೆಕ್ಕೆ ಸೀಳಿದೆ. ರಮ್ಯಾ, ಗೌರೀಶ್ ಇಬ್ಬರೂ ಮುಟ್ಟಲಿಲ್ಲ, ನಾನೇ ಮಾಡಲಿ ಅಂತ ಬಿಟ್ಟರು. ಅಷ್ಟು ಸಲ ಬಿದ್ದರೂ ಒಂದು ಕಡ್ಡಿಯೂ ಮುರಿದಿಲ್ಲ! ಅಂಟು ಕೆರೆದು, ಒರೆಸಿ, ಮತ್ತೆ ಪೇಪರ್ ಸುತ್ತಿ ಅಟ್ಟಕ್ಕೆ.

ಎರಡೂ ಕಡೆ ಕಾರ್ಬನ್. ಕಪ್ಪಗೆ, ತಣ್ಣಗೆ, ಯಾರದೂ ಅಲ್ಲದ್ದು.

ಮೇ 24, ಶನಿವಾರ

ಹಾರಿತು!

ಒಂದಲ್ಲ, ಮೂರು ಸುತ್ತು. ಮೈದಾನ ಒದ್ದೆ, ಆಕಾಶ ಬೂದಿ ಬಣ್ಣ. ಎಡರೆಕ್ಕೆ ಅಲುಗಲಿಲ್ಲ. ಗೌರೀಶ್ ಮಗುವನ್ನು ಮಲಗಿಸುವ ಹಾಗೆ ಇಳಿಸಿದ. ಸರ್ ಚಪ್ಪಾಳೆ ತಟ್ಟಿದರು. ರಮ್ಯಾ ನನ್ನನ್ನು ತಬ್ಬಿಕೊಂಡು ಕಿರುಚಿದಳು, ನಾನೂ ಕಿರುಚಿದೆ. ಖುಷಿಯಾಯಿತು, ಸುಳ್ಳೇಕೆ. ಬಸ್ಸಿನಲ್ಲಿ ಬರುವಾಗ ಮಾತ್ರ ತಾತ ನೆನಪಾದ. ದಾರವಿಲ್ಲದ ಪಟ ಹಾರಿತು, ಅವನದು ಅಟ್ಟದ ಮೇಲಿದೆ.

ಅಜ್ಜಿಗೆ ವಿಡಿಯೋ ತೋರಿಸಿದೆ. ಎರಡು ಸಲ ನೋಡಿದಳು. "ಚೆನ್ನಾಗ್ ಹಾರ್ತು. ಆದ್ರೆ ದಾರ ಇಲ್ದೆ ಕೈಗೇನೂ ಗೊತ್ತಾಗಲ್ವಲ್ಲೇ?" ಸ್ವಲ್ಪ ಹೊತ್ತಾದ ಮೇಲೆ ಅಡುಗೆಮನೆಯಿಂದ: "ಆ ಕಡ್ಡಿ ಎಸೀಲಿಲ್ಲ ತಾನೇ?"

ಜೂನ್ 29, ಭಾನುವಾರ, ಸಂಜೆ 4

ಆಷಾಢ. ಟೆರೇಸಿನಲ್ಲಿ ಒಣಹಾಕಿದ ಬಟ್ಟೆ ಗಾಳಿಗೆ ಕ್ಲಿಪ್ಪಿಗೂ ನಿಲ್ಲುತ್ತಿಲ್ಲ. ಮಾಮೂಲ್‌ಪೇಟೆಗೆ ಹೋಗಿ ಕಾಗದ, ದಾರ ತಂದೆ. ಅಜ್ಜಿ ಅಂಟು ಕಾಯಿಸಿ ಕೊಟ್ಟಳು — ಈ ಸಲ ಬೈಯಲಿಲ್ಲ. ಎಡರೆಕ್ಕೆಯಲ್ಲಿದ್ದ ಕಡ್ಡಿಗಳೇ. ಸೂತ್ರ ಕಟ್ಟಿದ್ದಾಯಿತು, ಅವಳ ಹಳೇ ಸೀರೆಯಂಚಿನ ಬಾಲಂಗೋಸಿಯೂ ಆಯಿತು. ಅಂಟು ಒಣಗಲಿ ಅಂತ ಕೂತು ಬರೆಯುತ್ತಿದ್ದೇನೆ.

ಮೆಟ್ಟಿಲಲ್ಲಿ ಏದುಸಿರು. ಅಜ್ಜಿ! ಮಂಡಿನೋವು ಇಟ್ಟುಕೊಂಡು ಯಾಕೆ ಹತ್ತಿದೆ ಅಂದರೆ, "ಸುಮ್ನಿರೇ. ಇಷ್ಟ್ ವರ್ಷ ಅಂಟು ಕಾಯ್ಸಿದ್ದೇ ಬಂತು. ಕೈ ಕುಯ್ಯತ್ತೆ ಅಂತ ಒಂದ್ ದಿನಾನೂ ದಾರ ಕೊಡ್ಲಿಲ್ಲ ನಿಮ್ ತಾತ. ತಗೊಂಬಾ ಇಲ್ಲಿ" ಅಂದಳು. ಉಂಡೆ ಕಿತ್ತುಕೊಂಡೇ ಬಿಟ್ಟಳು.

ಇನ್ನೂ ಒಣಗಿಲ್ಲ ಅನ್ನುವಷ್ಟರಲ್ಲಿ ಗಾಳಿ ಬಂತು. ಪಟ ನನ್ನ ಕಾಲ ಹತ್ತಿರದಿಂದ ತಾನೇ ಎದ್ದಿತು. ಕಡ್ಡಿ ಬಗ್ಗಿತು... ಬಗ್ಗಿ ನಿಂತಿತು. ಟ್ಯಾಂಕು ದಾಟಿತು. ಅಜ್ಜಿ ಕೂಗುತ್ತಿದ್ದಾಳೆ — "ಎಳೀತಿದೆ ಕಣೇ! ಕೈ ಹಿಡಿದು ಎಳೀತಿದಾರೆ, ಬಾರೇ ಬೇಗ—"