ಸಾಲ್ಕಮ್ ತಲುಪದ ದೋಣಿ

ಗಿರಿಜಾ, ನನ್ನ ಜೀವದ ಗೆಳತಿ,

ಸಂಗೊಳ್ಳಿಯಲ್ಲಿ, ನಿಮ್ಮ ಮನೆಯ ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಿಮ್ಮವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಾಳೆ. ನಿನ್ನನ್ನು ಇಲ್ಲಿಗೆ ತಂದು, ಹೊಲದಲ್ಲಿ ಮಣ್ಣು ಮಾಡಿ ವರ್ಷವಾಯಿತು. ಅವ್ವನಿಗೆ ಸಮಾಧಾನ ಹೇಳೋಣವೆಂದು ರಜೆ ಹಾಕಿ ಬಂದೆ. ಆದರೆ...

ನೆನಪಿದೆಯಾ, ಇಂಗ್ಲೆಂಡಿನ ಆಸ್ಪತ್ರೆಗೆ ನಾವಿಬ್ಬರೂ ನರ್ಸ್ ಆಗಿ ಸೇರಿದ ಹೊಸತರಲ್ಲಿ, ಹೆರಿಗೆ ವಾರ್ಡಿನಿಂದ ನಿವೃತ್ತರಾಗಿದ್ದ ಮಾರ್ಗರೆಟ್ ತಮ್ಮ ಪುಟ್ಟ ಹಾಯಿದೋಣಿ ತೋರಿಸಿದ್ದು? ಮಲಪ್ರಭೆಯಲ್ಲಿ ಈಜು ಕಲಿತವಳು ನೀನು, ಅಂದೇ ಹತ್ತಿಬಿಟ್ಟೆ. ಈಜು ಬಾರದ ಮುರಗೋಡದ ನಾನು ದಂಡೆಯಲ್ಲೇ ಉಳಿದೆ. ರಜೆ ಸಿಕ್ಕಾಗಲೆಲ್ಲ ನೀವಿಬ್ಬರೂ ಕರಾವಳಿ ಹಿಡಿದು ಪಶ್ಚಿಮಕ್ಕೆ ಒಂದೊಂದೇ ಬಂದರು ಮುಟ್ಟುತ್ತಿದ್ದಿರಿ. ಎಕ್ಸ್‌ಮತ್ ಆಯಿತು, ಬ್ರಿಕ್ಸಮ್ ಆಯಿತು, ಡಾರ್ಟ್‌ಮತ್ ಆಯಿತು. ಮುಂದಿನದು ಸಾಲ್ಕಮ್. "ಒಮ್ಮೆರ ಬಾ ಸುಮಿ, ದಂಡಿಮ್ಯಾಲ ನಿಂತು ಟಾಟಾ ಮಾಡಾಕ ಹುಟ್ಟೀಯೇನು?" ಎಂದು ಕಾಡಿ ಕಾಡಿ ಒಪ್ಪಿಸಿದೆ.

ಡಾರ್ಟ್‌ಮತ್‌ನಿಂದ ಹೊರಟ ಆ ಬೆಳಿಗ್ಗೆ ಸಮುದ್ರ ಕೆರೆಯ ಹಾಗಿತ್ತು. ಸ್ಟಾರ್ಟ್ ಪಾಯಿಂಟ್ ಎಂಬ ಭೂಶಿರದ ದೀಪಸ್ತಂಭ ಕಾಣುವಷ್ಟರಲ್ಲಿ ಗಾಳಿ ಒಂದು ಕಡೆಗೆ, ನೀರಿನ ಸೆಳೆತ ಇನ್ನೊಂದು ಕಡೆಗೆ ಆಗಿ ಅಲೆಗಳೆದ್ದವು. ದೋಣಿ ಓರೆಯಾಯಿತು. ಇದು ಇಲ್ಲಿ ಮಾಮೂಲು, ಈ ಮೂಲೆ ದಾಟಿದರೆ ಸರಿಹೋಗುತ್ತದೆ ಎನ್ನುತ್ತ ಮಾರ್ಗರೆಟ್ ಹಾಯಿ ಕಿರಿದು ಮಾಡಿದರು. ಚುಕ್ಕಾಣಿ ಹಿಡಿದ ನಿನ್ನ ಮುಖದಲ್ಲಿ ಅದೆಂಥ ಸಂತೋಷವಿತ್ತು. ನಾನೋ, ವಾಂತಿ ಮಾಡಿಕೊಂಡು ನಿನ್ನ ಕಾಲು ತಬ್ಬಿ ಹಿಡಿದಿದ್ದೆ. "ಹೊಳ್ಳಸ ಗಿರಿಜಾ. ನಿಮ್ಮವ್ವನ ಆಣಿ, ಹೊಳ್ಳಸ." ನೀನು ಒಮ್ಮೆ ಮುಂದೆ ನೋಡಿದೆ, ಒಮ್ಮೆ ನನ್ನನ್ನು ನೋಡಿದೆ. ದೋಣಿ ಹಿಂದಕ್ಕೆ ಹೊಳ್ಳಿಸಿದೆ. "ಸಾಲ್ಕಮ್ ಎಲ್ಲಿ ಓಡಿ ಹೊಕ್ಕೈತಿ? ಇನ್ನೊಮ್ಮೆ ಹೋದ್ರಾತು," ಎಂದು ನನ್ನ ಬೆನ್ನು ಸವರಿದೆ.

ಆಮೇಲೆ ಮಾರ್ಗರೆಟ್ ಕರೆದಾಗ ನೀನು ಒಲ್ಲೆ ಎಂದೆ. ಅದರ ಮುಂದಿನ ಸಲವೂ ಒಲ್ಲೆ ಎಂದೆ. ಬೇಸರ ಬಂದಿರಬೇಕು ಎಂದುಕೊಂಡೆ. ಬೇಸಿಗೆ ಮುಗಿಯುವ ಹೊತ್ತಿಗೆ ರಕ್ತದ ಕಾಯಿಲೆ ಗೊತ್ತಾದಾಗ, ಆಗಲೇ ಸುಸ್ತಿತ್ತೇನೋ ಎಂದುಕೊಂಡೆ. ಚಳಿ ಮುಗಿಯುವ ಮೊದಲೇ ನೀನು... ಯಾಕೆ ಒಲ್ಲೆ ಅಂತ ಒಂದು ಮಾತು ಕೇಳಬಹುದಿತ್ತಲ್ಲ ನಾನು?

ಇಲ್ಲಿಗೆ ಬಂದ ಮರುದಿನ ಅವ್ವ ತಾನಾಗಿಯೇ ಮಾತು ತೆಗೆದಳು. "ಸಮುದ್ರದಾಗ ಭಾಳ ಹೆದರಿದ್ಲಂತ ನಮ್ಮ ಗಿರಿಜಾ. ನೀ ಇದ್ದಿ ಅಂತ ಧೈರ್ಯ ಆತಂತ. ಫೋನಿನ್ಯಾಗ ಹೇಳಿದ್ಲು. ಅವತ್ತ ಆಣಿ ಹಾಕಿಸ್ಕೊಂಡೆ, ಇನ್ನ ದೋಣಿ ಹತ್ತಬ್ಯಾಡ ಅಂತ."

ನನ್ನ ಹೆದರಿಕೆಯನ್ನು ನಿನ್ನದೆಂದು ಹೇಳಿದೆಯಾ? ಮುರಗೋಡದಲ್ಲಿ ನಮ್ಮವರ ಕಿವಿಗೆ ಬಿದ್ದು ನಾನು ನಗೆಪಾಟಲಾಗಬಾರದೆಂದೇ? ಆ ಒಂದು ಸುಳ್ಳು ತಂದ ಆಣೆಗೆ ಕಟ್ಟುಬಿದ್ದು, ಮೈಯಲ್ಲಿ ಕಸುವಿದ್ದ ಕೊನೆಯ ಬೇಸಿಗೆಯನ್ನೆಲ್ಲ ದಂಡೆಯಲ್ಲಿ ಕಳೆದೆಯಾ?

"ಅವ್ವಾ, ಹೆದರಿದಾಕಿ ಗಿರಿಜಾ ಅಲ್ಲ. ನಾ," ಎಂದೆ. ನಡೆದದ್ದನ್ನೆಲ್ಲ ಹೇಳಿದೆ. ಅವ್ವ ಬೈಯಲಿಲ್ಲ, ಅಳಲೂ ಇಲ್ಲ.

"ಹಂಗಾರ ಆಕೀನ ತಡದಾಕಿ ನಾ ಆದೆ."

ಇಲ್ಲ, ತಪ್ಪು ನನ್ನದು ಎನ್ನಹೋದೆ. ಕೇಳಿಸಿಕೊಳ್ಳಲೇ ಇಲ್ಲ.

"ಆ ಊರು ಇನ್ನೂ ಎಷ್ಟ ದೂರ ಇತ್ತು?"

"ಆ ಮೂಲಿ ದಾಟಿದ್ರ ಹತ್ತರಾನ ಇತ್ರಿ."

"ನನ್ನ ಕರಕೊಂಡ ಹೋಗ. ದೋಣ್ಯಾಗ ನೀನೂ ಕುಂದ್ರಬೇಕ ಮತ್ತ."

ನಿನಗೆ ಗೊತ್ತಿಲ್ಲದ ಸುದ್ದಿ ಇದು: ಅವ್ವ ಪಾಸ್‌ಪೋರ್ಟಿಗೆ ಹಾಕಿದ್ದಾಳೆ. ಬೇಸಿಗೆಗೆ ದೋಣಿ ಸಿದ್ಧವಿರುತ್ತದೆ ಎಂದು ಮಾರ್ಗರೆಟ್ ಹೇಳಿದ್ದಾರೆ. ನೆನೆದರೆ ಈಗಲೂ ಹೆದರಿಕೆಯಾಗುತ್ತದೆ. ಆದರೂ ಹತ್ತುತ್ತೇನೆ.

ಇವತ್ತು ಪಾಸ್‌ಪೋರ್ಟ್ ವಿಚಾರಣೆಗೆಂದು ಒಬ್ಬ ಪೊಲೀಸ್ ಮನೆಗೆ ಬಂದಿದ್ದ.

"ಇಂಗ್ಲೆಂಡಿಗೆ ಯಾಕ ಹೊಂಟೀರಿ, ಅವ್ವಾರ?"

"ಮಗಳನ್ನ ನೋಡಾಕ."

"ಮಗಳು ಅಲ್ಲೇ ಅದಾರೇನ್ರಿ?"

ಅವ್ವ ನನ್ನ ಕಡೆ ನೋಡಿದಳು. "ಹೂಂ. ಅಲ್ಲೇ ಅದಾಳ," ಎಂದಳು.

ನಾನು ತಿದ್ದಲಿಲ್ಲ, ಗಿರಿಜಾ.

ನಿನ್ನ,
ಸುಮಿ