ಪದಬಂಧದ ಚಂದಾ

ಕೊಪ್ಪಳ
ಭಾನುವಾರ

ಪ್ರೀತಿಯ ನಾಹೀದಾಳಿಗೆ ಆಶೀರ್ವಾದಗಳು.

ನಿನ್ನ ತಂದೆ ಹುಸೇನಬಾಷಾ ಅವರ ಮೊಬೈಲಿಗೆ ಬರುವ ಪತ್ರಿಕೆಯ ಚಂದಾ ಇನ್ನೂ ಪ್ರತಿ ತಿಂಗಳು ನನ್ನ ಕಾರ್ಡಿನಿಂದ ಕಡಿತವಾಗುತ್ತಿದೆಯೆಂದು ನೀನು ಫೋನಿನಲ್ಲಿ ನೆನಪಿಸಿದೆ. "ಅಬ್ಬಾನ ಇಲ್ಲ, ಇನ್ನ ಯಾಕ್ರಿ ಕಾಕಾ? ಬಂದ್ ಮಾಡಿಬಿಡ್ರಿ" ಎಂದೆ. ನಿನ್ನ ಮಾತು ಸರಿಯಾದುದೇ.

ಕುಕನೂರಿನ ಶಾಲೆಯಲ್ಲಿ ಶಿಕ್ಷಕರಾಗಿದ್ದಾಗ ಬಾಷಾ ಅವರಿಗೂ ನನಗೂ ಇದ್ದುದು ಒಂದೇ ಪತ್ರಿಕೆ, ಒಂದೇ ಪದಬಂಧ. "ಅಡ್ಡ ಸಾಲು ನಿಮ್ದು, ಉದ್ದ ಸಾಲು ನಂದು. ನನ್ನ ಹೊಲದಾಗ ಕಾಲಿಟ್ಟೀರಿ ಮತ್ತ, ಮಾಸ್ತರ!" ಎಂದು ಅವರು ಗದರಿಸುತ್ತಿದ್ದರು. ನಿವೃತ್ತರಾಗಿ ಅವರು ಮುನಿರಾಬಾದಿಗೆ ಹೋದ ಮೇಲೆ, ಒಂದೇ ಖಾತೆಯಲ್ಲಿ, ಎರಡು ಮೊಬೈಲುಗಳಲ್ಲಿ ಅದೇ ಆಟವನ್ನು ಮುಂದುವರಿಸಿದೆವು; ಒಬ್ಬರು ತುಂಬಿದ್ದು ಇನ್ನೊಬ್ಬರ ಮೊಬೈಲಿನಲ್ಲೂ ಕಾಣುತ್ತಿತ್ತು. ಅವರು ತೀರಿಕೊಂಡಂದಿನಿಂದ ನಾನು ಅಡ್ಡ ಸಾಲುಗಳನ್ನಷ್ಟೇ ತುಂಬಿ, ಉಳಿದುದನ್ನು ಖಾಲಿ ಬಿಡುತ್ತಿದ್ದೆ.

ಚಂದಾ ರದ್ದುಪಡಿಸಲೆಂದೇ ಇಂದು ಬೆಳಿಗ್ಗೆ ಮೊಬೈಲ್ ತೆರೆದೆ. ನಿನ್ನೆಯ ಪದಬಂಧದಲ್ಲಿ ಉದ್ದ ಸಾಲುಗಳೆಲ್ಲ ತುಂಬಿದ್ದವು. ನನಗೆ ಹೊಳೆಯದೆ ಬಿಟ್ಟಿದ್ದ ಅಡ್ಡ ಸಾಲೊಂದನ್ನು ಮಾತ್ರ ಯಾರೂ ಪೂರ್ತಿಗೊಳಿಸಿರಲಿಲ್ಲ. ನಮ್ಮ ಆ ಗಡಿಯನ್ನು ಬಲ್ಲವರು ನಿಮ್ಮ ಮನೆಯಲ್ಲಿ ಒಬ್ಬರೇ: ದಿನವೂ ಬಾಷಾ ಅವರ ಪಕ್ಕದಲ್ಲಿ ಕುಳಿತು ನೋಡುತ್ತಿದ್ದ ನಿನ್ನ ತಾಯಿ, ಜೋಹರಾಬಿಯವರು.

ಆದುದರಿಂದ ಚಂದಾ ಮುಂದುವರಿಯಲಿ. ತಂದೆಯ ಆ ಮೊಬೈಲನ್ನು ಯಾರಿಗೂ ಕೊಡಬೇಡ. ಚಾರ್ಜ್ ಮಾಡಿ ತಾಯಿಯ ಕೈಗೆ ಸಿಗುವಂತೆ ಇಡು. ನಾನು ಹೀಗೆ ಬರೆದೆನೆಂದು ಅವರಿಗೆ ಹೇಳಬೇಡ, ಸಂಕೋಚಪಟ್ಟಾರು.

ಉದ್ದ ಸಾಲುಗಳಲ್ಲಿ ಎರಡು ಉತ್ತರಗಳು ತಪ್ಪಾಗಿವೆ. ನಾನು ತಿದ್ದಿಲ್ಲ. ಆ ಹೊಲ ನನ್ನದಲ್ಲ.

ಇತಿ ನಿನ್ನ ಹಿತೈಷಿ,
ಅಂದಾನಪ್ಪ ಬೆಣಕಲ್
ನಿವೃತ್ತ ಶಿಕ್ಷಕ