ಹೆಸರಿಲ್ಲದ ಫೋನು

ಸೂರತ್
ಬುಧವಾರ, 12 ನವೆಂಬರ್ 2025

ನನ್ನ ಮುದ್ದಿನ ವಿಂಧ್ಯಾ,

ಅಮ್ಮ ಕಾಗದ ಬರೆದಳೆಂದು ಗಾಬರಿಯಾಗಬೇಡ, ನಾವಿಬ್ಬರೂ ಆರಾಮ. ಫೋನಿನಲ್ಲಿ ಹೇಳೋಣವೆಂದರೆ ನಮ್ಮ ಹೋಟೆಲಿನಲ್ಲಿ ನಿನ್ನ ಅಪ್ಪಯ್ಯ ಪಕ್ಕದಲ್ಲೇ ಇರುತ್ತಾರೆ. ಮೆಸೇಜು ಹಾಕೋಣವೆಂದರೆ ರೂಟರ್ ಬದಲಾಯಿಸುವ ತನಕ ಗುಟ್ಟಿನದೇನನ್ನೂ ಬರೆಯಬಾರದೆಂದು ನೀನೇ ಕಟ್ಟಪ್ಪಣೆ ಮಾಡಿದ್ದೀಯ. ಪಕ್ಕದ ಮನೆಯ ಸುಮತಿ ಶುಕ್ರವಾರ ಅಹಮದಾಬಾದಿಗೆ ಬರುತ್ತಾಳೆ, ಅವಳ ಕೈಯಲ್ಲಿ ಕಳಿಸುತ್ತೇನೆ. ನಿನಗೆ ಕನ್ನಡ ಓದಲು ತಡವಾಗುತ್ತದೆ, ಗೊತ್ತು. ನಿಧಾನಕ್ಕೆ ಓದು.

ನೀನು ಕಳಿಸಿದ ಹೊಸ ರೂಟರ್ ಹೋದ ವಾರವೇ ಬಂದಿದೆ. ಜೋಡಿಸುವವನು ಸಿಗುತ್ತಿಲ್ಲ ಎಂದದ್ದು ಸುಳ್ಳು. ಡಬ್ಬಿ ಉಗ್ರಾಣದಲ್ಲಿ ಅಕ್ಕಿ ಮೂಟೆಯ ಹಿಂದೆ ಹಾಗೇ ಕೂತಿದೆ.

ನೀನು ಹೇಳಿದ್ದು ಅರ್ಥವಾಗಲಿಲ್ಲವೆಂದಲ್ಲ. ನಮ್ಮ ಹಳೇ ರೂಟರಿನಲ್ಲಿ ವೈಫೈ ನಡೆಸುವ ಚಿಪ್ಪಿನ ಸಾಫ್ಟ್‌ವೇರಿನಲ್ಲಿ ದೊಡ್ಡ ತೂತು ಸಿಕ್ಕಿದೆ. ರಸ್ತೆಯಲ್ಲಿ ನಿಂತವನು ಪಾಸ್‌ವರ್ಡ್ ಗೊತ್ತಿಲ್ಲದೆಯೇ ಒಳನುಗ್ಗಿ ತನಗೆ ಬೇಕಾದ ಪ್ರೋಗ್ರಾಂ ಓಡಿಸಬಹುದು, ನಾವು ಏನನ್ನೂ ಒತ್ತಬೇಕೆಂದೂ ಇಲ್ಲ. ಬಿಲ್ಲಿನ ಕಂಪ್ಯೂಟರ್, ಕಾರ್ಡ್ ಮಷಿನ್ ಎಲ್ಲ ಅದಕ್ಕೇ ಅಂಟಿಕೊಂಡಿವೆ. ಇಷ್ಟು ಹಳೆಯದಕ್ಕೆ ಕಂಪನಿಯವರು ರಿಪೇರಿ ಕಳಿಸುವುದಿಲ್ಲ. ಹೊಸದು ಹಾಕಬೇಕು, ಪಾಸ್‌ವರ್ಡೂ ಹೊಸದಿರಬೇಕು. ಎಲ್ಲ ಬಾಯಿಪಾಠವಾಗಿದೆ, ನಿದ್ದೆಯೂ ಹಾರಿಹೋಗಿದೆ.

ಆದರೆ ಪಾಸ್‌ವರ್ಡ್ ಬದಲಿಸಿದರೆ ನಿನ್ನ ತಮ್ಮ ಹೊರಗುಳಿಯುತ್ತಾನಲ್ಲ.

ಚೇತನ್ ಊರಾಚೆ ಸಚಿನ್ ಕೈಗಾರಿಕಾ ಪ್ರದೇಶದ ಬಣ್ಣದ ಫ್ಯಾಕ್ಟರಿಗೆ ಸೇರಿದ ಹೊಸತರಲ್ಲಿ ನಡೆದದ್ದನ್ನು ನಿನಗೆ ಅರ್ಧವಷ್ಟೇ ಹೇಳಿದ್ದೆ. ಉಗುರಿನಲ್ಲಿ ನೀಲಿ ಇಟ್ಟುಕೊಂಡೇ ಬಂದು ಚಟ್ನಿಯ ಪಾತ್ರೆಗೆ ಸೌಟು ಹಾಕಿದ. ಮಗನನ್ನು ಮಾಣಿ ಮಾಣಿ ಎಂದೇ ಕರೆಯುತ್ತಿದ್ದ ಅಪ್ಪಯ್ಯ ಗಿರಾಕಿಗಳ ಎದುರೇ, ಆ ಬಣ್ಣದ್ ಕೈ ಹಿಡ್ಕಂಡ್ ನನ್ನ ಅಡ್ಗಿ ಮನಿಗೆ ಬಪ್ಪುದ್ ಬ್ಯಾಡ ಅಂದುಬಿಟ್ಟರು. ಉಣ್ಣದೇ ಹೋದವನು ಮತ್ತೆ ಹೊಸ್ತಿಲು ತುಳಿದಿಲ್ಲ, ನನ್ನ ಫೋನನ್ನೂ ಎತ್ತುವುದಿಲ್ಲ. ಅಪ್ಪನಿಂದ ಬೇರೇನು ಕಲಿಯದಿದ್ದರೂ ಹಟವನ್ನು ಚೆನ್ನಾಗಿ ಕಲಿತಿದ್ದಾನೆ.

ಅಡುಗೆಯವರು ಕೆಲಸ ಬಿಟ್ಟು ಕ್ರಿಕೆಟ್ ನೋಡುತ್ತಾರೆಂದು ಪಾಸ್‌ವರ್ಡ್ ಬದಲಿಸಿ, ಮನೆಯ ನಾಲ್ವರಿಗೆ ಮಾತ್ರ ಹೇಳಿದ್ದವನು ಅವನೇ. ಯಾರ ಫೋನು ನೆಟ್ಟಿಗೆ ಸೇರಿದೆಯೆಂದು ತೋರಿಸುವ ಆ್ಯಪನ್ನೂ ನನ್ನ ಮೊಬೈಲಿಗೆ ಹಾಕಿಕೊಟ್ಟಿದ್ದ. ಅವನು ಹೋದ ಮೇಲೆ, ಫ್ಯಾಕ್ಟರಿಯ ಪಾಳಿ ಬಿಟ್ಟ ಹೊತ್ತಿಗೆ, ಅದರಲ್ಲಿ ಹೆಸರಿಲ್ಲದ ಒಂದು ಫೋನು ಕಾಣಿಸತೊಡಗಿತು. ಎದುರಿನ ಲೋಚೋ ತಿಂಡಿಯಂಗಡಿಯವರೆಗೂ ನಮ್ಮ ವೈಫೈ ಸಿಗುತ್ತದೆ. ಆ ಫೋನು ಸ್ವಲ್ಪ ಹೊತ್ತು ಇದ್ದು ಹೋಗುತ್ತದೆ. ಅವನಲ್ಲದೆ ಇನ್ಯಾರು ಎಂದುಕೊಂಡು ದಿನಾ ನೋಡುತ್ತಿದ್ದೆ. ಉಂಡನೋ ಬಿಟ್ಟನೋ, ಮಗ ಇಲ್ಲೇ ಹತ್ತಿರದಲ್ಲಿದ್ದಾನೆ ಎಂಬ ಸಮಾಧಾನವಿತ್ತು.

ನೀನು ಫೋನು ಮಾಡಿ ತೂತಿನ ವಿಷಯ ಹೇಳಿದ ಮೇಲೆ ಆ ಸಮಾಧಾನವೂ ಹೋಯಿತು. ಪಾಸ್‌ವರ್ಡ್ ಇಲ್ಲದವನೂ ಬರಬಹುದಾದರೆ, ಇಷ್ಟು ದಿನ ಮಗನೆಂದು ನಾನು ನೋಡಿದ್ದು ಯಾರನ್ನು?

ಹೊರಗೆ ಹೋಗಿ ನೋಡಬಾರದೇ ಎನ್ನುತ್ತೀಯ. ಅವನೇ ಆಗಿದ್ದು, ನನ್ನನ್ನು ಕಂಡು ಇನ್ನು ಮೇಲೆ ಬರದೇ ಹೋದರೆ? ಅವನಲ್ಲದೇ ಹೋದರೆ? ನನಗೆ ಎರಡಕ್ಕೂ ಧೈರ್ಯವಿಲ್ಲ. ಅಪ್ಪಯ್ಯನಿಗೆ ಇದ್ಯಾವುದೂ ತಿಳಿಯದು, ನೀನೂ ಬಾಯಿ ಬಿಡಬೇಡ. ಇನ್ನೊಂದು ವಾರ ಹಳೆಯದೇ ಇರಲಿ. ಬಯ್ಯಬೇಡ ಮಗಾ.

ಹೆದರಿ ಕೂತಿರುವ
ನಿನ್ನ ಅಮ್ಮ

ತಾ.ಕ.: ಗುರುವಾರ. ಅಕ್ಕಿಗೆಂದು ಹೋದ ಅಪ್ಪಯ್ಯನ ಕಣ್ಣಿಗೆ ಡಬ್ಬಿ ಬಿತ್ತು. ತೂತಿನ ವಿಷಯ ಹೇಳಿದೆ, ಚೇತನನ ಹೆಸರೆತ್ತಲಿಲ್ಲ. ಆಗಲೇ ಎಲೆಕ್ಟ್ರಿಷಿಯನ್ನನ್ನು ಕರೆಸಿ ಹೊಸದು ಹಾಕಿಸಿದರು. ಹಳೆಯದರ ದೀಪ ಆರಿದಾಗ ನನಗೆ ಅಳು ತಡೆಯಲಾಗಲಿಲ್ಲ. ಹೊಸ ಪಾಸ್‌ವರ್ಡನ್ನು ಒಂದು ಬಿಲ್ಲಿನ ಹಿಂದೆ ದೊಡ್ಡದಾಗಿ ಬರೆದುಕೊಡು ಎಂದರು, ಕನ್ನಡಕ ಹುಡುಕಲು ಸೋಮಾರಿತನ ಎಂದುಕೊಂಡು ಬರೆದುಕೊಟ್ಟೆ. ಸಂಜೆ ಗಿರಾಕಿಗಳು ತುಂಬಿರುವಾಗಲೇ ದೋಸೆ ಕಾವಲಿ ಬಿಟ್ಟು ಆ ಚೀಟಿ ಹಿಡಿದು ರಸ್ತೆ ದಾಟಿದರು. ಅಂಗಡಿಯ ಗುಂಪಿನಲ್ಲಿ ಯಾರೊಡನೆ ನಿಂತರೋ ನನಗೆ ಕಾಣಲಿಲ್ಲ. ತಿರುಗಿ ಬಂದಾಗ ಕೈ ಖಾಲಿಯಿತ್ತು. ನನ್ನ ಮುಖ ನೋಡದೆ, ಮಾಣಿ ಸಪೂರ ಆಯಿದ ಎಂದಷ್ಟೇ ಹೇಳಿ ದೋಸೆ ಹೊಯ್ಯಲು ನಿಂತರು.